ಮೆತ್ತನೆಯ ಹಂದರ

"ಐಸ್ ಪೆಟ್ಟಿಗೆ ಹೊತ್ಕೊಂಡು ಸಾವಿನ ಮನೆಗೆ ಬಂದಿದ್ದೀರಲ್ಲ, ಇದೇನು ಜಾತ್ರೆ ಅಂದ್ಕೊಂಡ್ರಾ?" ಎನ್ನುತ್ತ ಹಾರ್ನ್ ಮಾವ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟರು.

ಮೆಟ್ಟಿಲ ಮೇಲೆ ಇಬ್ಬರಿದ್ದರು. ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಒಬ್ಬ ಹೆಂಗಸು, ಅವರ ಹಿಂದೆ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡ ವ್ಯಾನಿನ ಡ್ರೈವರ್. ಮಾವ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಒಮ್ಮೆ ಬಸ್ಸಿನ ಹಾರ್ನ್ ಕೆಟ್ಟಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿಕೊಂಡೇ ಡಿಪೋ ಮುಟ್ಟಿಸಿದ್ದರೆಂದು ಆ ಹೆಸರು ಬಂದಿತ್ತು. ಈಗ ಅವರ ದನಿಗೆ ಎದುರುಮನೆಯ ಎರಡು ಕಿಟಕಿಗಳು ತೆರೆದುಕೊಂಡವು.

"ನಾವು ಸಂಶೋಧನಾ ಕೇಂದ್ರದಿಂದ ಬಂದಿದ್ದೀವಿ ಸರ್. ಅಕ್ಕನ ಮಗಳ ಹತ್ರ ಎರಡು ನಿಮಿಷ ಮಾತಾಡ್ಬೇಕಿತ್ತು."

"ಯಾವ ಅಕ್ಕ? ಒಳಗೆ ಮಲಗಿರೋಳು ನನ್ನಕ್ಕ. ನಿಮಗೆ ಯಾವಾಗಿಂದ ಅಕ್ಕ ಆದ್ಲು?"

"ಮೂವತ್ತೊಂದು ವರ್ಷದಿಂದ," ಎಂದರು ಆಕೆ ಮೆಲ್ಲಗೆ.

ಒಳಗೆ ಅಮ್ಮನ ತಲೆ ಬಾಚುತ್ತಿದ್ದ ಪುಟ್ಟಿ ಬಾಚಣಿಗೆ ಹಿಡಿದುಕೊಂಡೇ ಎದ್ದು ಬಂದಳು. ಅವಳಿಗೆ ನಲವತ್ತಾರು ವರ್ಷ. ಪೇಟೆಬೀದಿಯಲ್ಲಿ ಸ್ವಂತ ಕನ್ನಡಕದ ಅಂಗಡಿ ಇಟ್ಟು, ಅರ್ಧ ಊರಿನ ಕಣ್ಣಿಗೆ ಗಾಜು ಕೂರಿಸಿದವಳು. ಆದರೂ ಅಮ್ಮ ಕರೆದ ಹೆಸರನ್ನು ಬೀದಿಯವರು ಬಿಟ್ಟಿರಲಿಲ್ಲ.

"ಯಾರು ಮಾವ?"

ಮಾವನ ತೋಳಿನ ಕೆಳಗಿಂದ ತಲೆ ಬಾಗಿಸಿ ಆ ಹೆಂಗಸು ಅವಳ ಕಡೆ ನೋಡಿದರು. "ನನ್ನ ಹೆಸರು ಹೇಳಿದ್ರೆ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ನಿಮ್ಮಮ್ಮ ನನ್ನನ್ನ ಅರ್ಜೆಂಟು ಅಂತಿದ್ರು."

ಪುಟ್ಟಿಗೆ ಬೆಳಗಿನಿಂದ ಮೊದಲ ಬಾರಿ ನಗು ಬಂದಂತಾಯಿತು. ಅರ್ಜೆಂಟು! ಊಟಕ್ಕೆ ಕೂತಾಗಲೆಲ್ಲ ಅಮ್ಮನ ಬಾಯಲ್ಲಿ ಆ ಹೆಸರು. ಅರ್ಜೆಂಟು ಇವತ್ತು ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕ್ಕೊಂಡು ಬಂದಿದ್ಲು. ಅರ್ಜೆಂಟು ಇವತ್ತು ಬೀಗದ ಕೈಯನ್ನ ಫ್ರಿಜ್ಜಲ್ಲಿಟ್ಟು ಇಡೀ ಕಟ್ಟಡ ಹುಡುಕಿಸಿದ್ಲು. ಸದಾ ಇಪ್ಪತ್ತನಾಲ್ಕು ವರ್ಷದ ಹುಡುಗಿಯಾಗಿಯೇ ಕತೆಯೊಳಗೆ ಉಳಿದುಬಿಟ್ಟಿದ್ದ ಆ ಅರ್ಜೆಂಟು ಹೀಗೆ ನರೆಗೂದಲು ಹೊತ್ತು ಮೆಟ್ಟಿಲೇರಿ ಬರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಬಿಡಿ ಮಾವ. ಅಮ್ಮನ ಲ್ಯಾಬಿನವರು."

"ಲ್ಯಾಬಿನವರಾದ್ರೆ ಹೂವು ತರಲಿ. ಪೆಟ್ಟಿಗೆ ಯಾಕೆ?"

ಉತ್ತರ ಬಂದದ್ದು ಅವರ ಬೆನ್ನ ಹಿಂದಿನಿಂದ. ಪಕ್ಕದ ಮನೆಯ ನರ್ಸಮ್ಮ ನಡುಮನೆಯಲ್ಲಿ ಅಮ್ಮನ ತಲೆದೆಸೆಗೆ ಕೂತಿದ್ದವರು ಕತ್ತೆತ್ತಿ ಹೇಳಿದರು: "ಅವರನ್ನ ಕರೆಸಿದ್ದು ನಾನು. ಬೆಳಗ್ಗೆ ಆರಕ್ಕೆ ಉಸಿರು ನಿಂತಿದ್ದು ನೋಡಿದ ಕೂಡಲೇ ಫೋನ್ ಮಾಡಿದೆ. ಅವಳೇ ನಂಬರು ಕೊಟ್ಟು ಆಣೆ ಹಾಕಿಸ್ಕೊಂಡಿದ್ಲು. ಪುಟ್ಟಿಗೆ ಮೊದಲೇ ಹೇಳ್ಬೇಡ, ಹೇಳಿದ್ರೆ ಜಗಳ ಆಡ್ತಾಳೆ, ಸತ್ತ ಮೇಲಾದ್ರೆ ನನ್ನ ಜೊತೆ ಜಗಳ ಆಡೋಕಾಗಲ್ಲ ಅಂದ್ಲು."

ಅದು ಅಮ್ಮನದೇ ಮಾತು ಎನ್ನುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಅರ್ಜೆಂಟು ಚೀಲದಿಂದ ಒಂದು ಕಾಗದ ತೆಗೆದು ಪುಟ್ಟಿಯ ಕೈಗಿತ್ತರು. ಹನ್ನೊಂದು ವರ್ಷದ ಹಿಂದಿನ ತಾರೀಖು. ಕೆಳಗೆ ಅಮ್ಮನ ಗುಂಡು ಗುಂಡು ಸಹಿ. ತಾನು ಸತ್ತ ಮೇಲೆ ತನ್ನ ಎದೆಯ ಭಾಗದ ಅಂಗಾಂಶವನ್ನು ಕೇಂದ್ರದ ಅಧ್ಯಯನಕ್ಕೆ ತೆಗೆದುಕೊಳ್ಳಬಹುದು, ಮನೆಯವರಲ್ಲಿ ಒಬ್ಬರ ಒಪ್ಪಿಗೆ ಸಾಕು ಎಂದು ಅದರಲ್ಲಿತ್ತು.

"ಹೊತ್ತು ಜಾಸ್ತಿ ಇಲ್ಲ," ಎಂದರು ಅರ್ಜೆಂಟು. "ಉಸಿರು ನಿಂತು ಈಗಲೇ ಮೂರು ತಾಸು ಆಗಿಹೋಗಿದೆ. ಮಧ್ಯಾಹ್ನದೊಳಗೆ ಆದ್ರೆ ಮಾತ್ರ ಜೀವಕೋಶಗಳು ಕೈಗೆ ಸಿಗ್ತವೆ. ಅಕ್ಕನ್ನ ಕೇಂದ್ರಕ್ಕೆ ಕರ್ಕೊಂಡು ಹೋಗಿ ಒಂದು ಗಂಟೆಗೆ ವಾಪಸ್ ತಂದು ಬಿಡ್ತೀವಿ. ನೀವು ಮೂರಕ್ಕೆ ಮಣ್ಣು ಅಂತ ಇಟ್ಕೊಂಡಿರೋದಕ್ಕೆ ಏನೂ ತೊಂದರೆ ಆಗಲ್ಲ."

"ಆಗಲ್ಲ," ಎಂದರು ಮಾವ. "ನನ್ನಕ್ಕನ ಮೈಗೆ ಕತ್ತರಿ ಹಾಕೋಕೆ ಬಿಡಲ್ಲ. ಇನ್ನೊಂದು ಸಲ ಇಲ್ಲ."

ಪುಟ್ಟಿಯ ಗಮನ ಅವರ ಕಡೆ ಇರಲಿಲ್ಲ. ಕಾಗದದ ನಡುವಿನ ಒಂದು ಸಾಲು ಅವಳ ಕಣ್ಣನ್ನು ಹಿಡಿದು ನಿಲ್ಲಿಸಿತ್ತು. ದಿನವಿಡೀ ಬೇರೆಯವರಿಂದ ಸಣ್ಣಕ್ಷರ ಓದಿಸುವವಳು ಆ ಸಾಲನ್ನು ಮೂರು ಸಲ ಓದಿದಳು.

'ದಾನಿ: ಆನುವಂಶಿಕ ದೋಷ ಇದೆ. ರೋಗ ಬಂದಿಲ್ಲ.'

*

ಅಮ್ಮನಿಗೆ ಮೊದಲು ಆ ಮನೆತನದ ಹೆಂಗಸರು ಐವತ್ತು ದಾಟುತ್ತಿರಲಿಲ್ಲ. ಅಜ್ಜಿ ಹೋದಾಗ ನಲವತ್ತನಾಲ್ಕು, ದೊಡ್ಡಮ್ಮ ಹೋದಾಗ ನಲವತ್ತೊಂದು. ಇಬ್ಬರಿಗೂ ಎದೆಯಲ್ಲಿ ಗಡ್ಡೆ. ದೊಡ್ಡಮ್ಮ ತೀರಿಕೊಂಡ ವರ್ಷವೇ ಅಮ್ಮ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದಳು. ಮನೆಯಲ್ಲಿ ಎಲ್ಲರೂ ಬೈದಿದ್ದರು. ಆ ರೋಗದ ಹೆಸರು ಕೇಳಿದರೆ ಓಡಿಹೋಗಬೇಕು, ಇವಳು ಅದರ ಮನೆಗೇ ಹೋಗಿ ಕೂರುತ್ತಾಳಲ್ಲ ಎಂದು.

ಬಾಟಲಿ ತೊಳೆಯುತ್ತಿದ್ದವಳು ಐದು ವರ್ಷದಲ್ಲಿ ಜೆಲ್ ಮಾಡುವವಳಾದಳು. ಆಮೇಲೆ ಅವಳು ಲ್ಯಾಬಿಗೆಲ್ಲ ಜೆಲ್ ಅಕ್ಕ.

ಪುಟ್ಟಿಗೆ ಹನ್ನೊಂದು ವರ್ಷವಿದ್ದಾಗ, ಶಾಲೆಗೆ ರಜೆಯಿದ್ದ ಒಂದು ದಿನ, ಅಮ್ಮ ಅವಳನ್ನು ಕರೆದುಕೊಂಡು ಹೋಗಿದ್ದಳು. ಉದ್ದನೆಯ ಮೇಜು, ಸಣ್ಣದಾಗಿ ಗುಂಯ್ಗುಡುವ ಪೆಟ್ಟಿಗೆಗಳು, ಸ್ಪಿರಿಟ್ಟಿನ ವಾಸನೆ. ಅಮ್ಮ ಮಂಜಿನ ಬಕೆಟ್ಟಿನಲ್ಲಿ ನೆಟ್ಟಿದ್ದ ಸಣ್ಣ ಸೀಸೆಯಿಂದ ನೀರಿನಂಥ ದ್ರವವನ್ನು ಹೀರಿ, ಬಿಲ್ಲೆಯಗಲದ ತಟ್ಟೆಗಳಿಗೆ ಹನಿಸುತ್ತಿದ್ದಳು.

"ತಣ್ಣಗಿದ್ರೆ ನೀರು, ಬೆಚ್ಚಗಾದ್ರೆ ಗಟ್ಟಿ. ಲೋಕದಲ್ಲಿ ಬೇರೆಲ್ಲದಕ್ಕೂ ಉಲ್ಟಾ," ಎಂದಳು ಅಮ್ಮ. "ನಿಮ್ಮ ಮಾವನ ಹಾಗೆ."

"ಇದನ್ನ ಯಾಕೆ ಮಾಡ್ತೀಯ?"

"ಜೀವಕೋಶಕ್ಕೆ ಹಾಸಿಗೆ. ನಮ್ಮ ಮೈಯೊಳಗೆ ಕೋಶಗಳು ಸುಮ್ಮನೆ ತೇಲ್ತಾ ಇರಲ್ಲ ಪುಟ್ಟಿ. ಸುತ್ತ ಒಂದು ಹಂದರ ಇರುತ್ತೆ, ಎಳೆ ಎಳೆಯಾಗಿ. ಅದನ್ನ ಹಿಡ್ಕೊಂಡು ಕೂತಿರ್ತವೆ. ಬಾ, ನೋಡು."

ಪುಟ್ಟಿ ಸ್ಟೂಲಿನ ಮೇಲೆ ಮಂಡಿಯೂರಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲಿಗೆ ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೂದುಬಣ್ಣದ ಬಯಲಿನಲ್ಲಿ ಪುಟ್ಟ ಪುಟ್ಟ ಜೀವಗಳು, ಎರಡೂ ಕಡೆ ಕೈ ಚಾಚಿ ನೆಲವನ್ನು ಹಿಡಿದಿದ್ದವು.

"ಹಿಡಿಯೋಕೆ ಏನೂ ಸಿಗದಿದ್ರೆ?"

"ಸತ್ತೇ ಹೋಗ್ತವೆ. ಒಂಟಿಯಾಗಿ ಬದುಕಲ್ಲ, ಮರ್ಯಾದಸ್ತರು. ಏನೂ ಹಿಡಿಯದೆ ಬದುಕ್ತೀನಿ ಅಂತ ಹೊರಡ್ತವಲ್ಲ, ಅವೇ ಕೆಟ್ಟವು. ಹಾಗೆ ಹೊರಡದ ಹಾಗೆ ತಡೆಯೋಕೆ ಪ್ರತಿ ಕೋಶದೊಳಗೂ ಕಾವಲಿನ ಪ್ರೋಟೀನು ಅಂತ ಇರುತ್ತೆ. ಸಾಕು, ಇಷ್ಟೇ ಕೋಶ ಇರ್ಬೇಕು, ನಿಲ್ಲು ಅಂತ ಹೇಳೋ ಯಜಮಾನ."

"ದೊಡ್ಡಮ್ಮನ ಒಳಗೆ ಯಜಮಾನ ಇರಲಿಲ್ವಾ?"

ಅಮ್ಮನ ಕೈ ಹನಿಸುವುದನ್ನು ನಿಲ್ಲಿಸಲಿಲ್ಲ. ಆ ತಟ್ಟೆ ಮುಗಿಸಿ, ಮುಚ್ಚಳ ಹಾಕಿ, ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟು ಬಂದ ಮೇಲೆ ಹೇಳಿದಳು: "ಇದ್ದ. ಅವನ ಮಾತು ಯಾಕೆ ನಡೀಲಿಲ್ಲ ಅಂತ ನೋಡೋಕೇ ನಾನಿಲ್ಲಿ ಇರೋದು."

*

ಅಡುಗೆಮನೆಯ ಬಾಗಿಲು ಹಾಕಿಕೊಂಡು ಪುಟ್ಟಿ ಅರ್ಜೆಂಟು ಎದುರು ನಿಂತಳು. ಹೊರಗೆ ಮಾವ ಬಂದವರಿಗೆಲ್ಲ ವಿಷಯ ಒಪ್ಪಿಸುತ್ತಿದ್ದದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ತನಗೆ ದೋಷ ಇದೆ ಅಂತ ಅಮ್ಮನಿಗೆ ಗೊತ್ತಿತ್ತಾ?"

ಅರ್ಜೆಂಟು ಬೆಚ್ಚಿದರು. "ನಿಮಗೆ ಹೇಳಿದ್ದಾರೆ ಅಂದ್ಕೊಂಡಿದ್ದೆ."

"ಯಾವತ್ತಿಂದ ಗೊತ್ತಿತ್ತು?"

"ಇಪ್ಪತ್ತಾರು ವರ್ಷ." ಆಕೆ ಒಲೆಯ ಪಕ್ಕದ ಕಟ್ಟೆಗೆ ಒರಗಿದರು. "ಆಗ ನಾನು ಇನ್ನೂ ವಿದ್ಯಾರ್ಥಿ. ಆ ಕಾವಲಿನ ಪ್ರೋಟೀನಿನ ವಂಶವಾಹಿ ಓದೋದನ್ನ ಆಗಷ್ಟೇ ಶುರು ಮಾಡಿದ್ವಿ. ಹೋಲಿಸಿ ನೋಡೋಕೆ ಸರಿಯಾಗಿರೋರ ರಕ್ತ ಬೇಕಿತ್ತು. ನನಗೋ ಅವಸರ. ಅಕ್ಕ ಲ್ಯಾಬ್ ಕೋಟಿನ ತೋಳು ಮಡಿಸಿ ಕೈ ಚಾಚಿದ್ರು. ಐವತ್ತೆರಡಾಯ್ತು, ಗುಂಡುಕಲ್ಲಿನ ಹಾಗಿದ್ದೀನಿ, ನನಗಿಂತ ಸರಿಯಾಗಿರೋರು ಬೇಕಾ ಅಂದ್ರು."

"ಆಮೇಲೆ?"

"ಅವರದೇ ತಪ್ಪಾಗಿ ಬಂತು. ನಾನು ಮಾಡಿದ್ದೇ ತಪ್ಪಿರ್ಬೇಕು ಅಂತ ಮೂರು ಸಲ ಮಾಡಿದೆ. ಎಲ್ಲರಿಗೂ ಆ ವಂಶವಾಹಿಯ ಎರಡು ಪ್ರತಿ ಇರುತ್ತೆ. ಅಕ್ಕನದ್ರಲ್ಲಿ ಒಂದು ಹುಟ್ಟಿನಿಂದಲೇ ಮುರಿದಿತ್ತು. ಹೇಗೆ ಹೇಳೋದು ಅಂತ ಎರಡು ದಿನ ಅವರ ಮುಖ ತಪ್ಪಿಸಿ ಓಡಾಡಿದೆ. ಮೂರನೇ ದಿನ ಅವರೇ ಬಂದು ನಿಂತ್ರು. 'ಅರ್ಜೆಂಟು, ನೀನು ಎರಡು ದಿನದಿಂದ ಏನೂ ಬೀಳಿಸಿಲ್ಲ, ಏನೂ ಕಳೆದಿಲ್ಲ. ನನ್ನ ರಕ್ತದಲ್ಲಿ ಏನು ಸಿಕ್ತು ಹೇಳು' ಅಂದ್ರು."

ಪುಟ್ಟಿ ಬಾಚಣಿಗೆಯನ್ನು ಇನ್ನೂ ಹಿಡಿದೇ ಇದ್ದಳು. ಅದರ ಹಲ್ಲುಗಳಲ್ಲಿ ಅಮ್ಮನ ಎರಡು ಬೆಳ್ಳಿ ಕೂದಲು ಸಿಕ್ಕಿಕೊಂಡಿದ್ದವು. ಅವಳ ಇಪ್ಪತ್ತನೇ ಹುಟ್ಟುಹಬ್ಬದಿಂದ ಶುರುವಾಗಿ ಪ್ರತಿ ವರ್ಷವೂ ಅಮ್ಮ ಅವಳನ್ನು ಬಲವಂತದಿಂದ ಎದೆಯ ತಪಾಸಣೆಗೆ ಎಳೆದುಕೊಂಡು ಹೋಗುತ್ತಿದ್ದಳು. 'ಬೇರೆ ಅಮ್ಮಂದಿರು ಬಟ್ಟೆ ಕೊಡಿಸ್ತಾರೆ, ನೀನು ಆಸ್ಪತ್ರೆ ತೋರಿಸ್ತೀಯ' ಎಂದು ಪುಟ್ಟಿ ಎಷ್ಟು ಸಲ ಮುಖ ಊದಿಸಿಕೊಂಡಿದ್ದಳು!

"ಅಮ್ಮನಿಗೆ ಯಾಕೆ ಬರಲಿಲ್ಲ?" ಎಂದು ಕೇಳಿದಳು. ದನಿ ಅವಳಿಗೇ ಬೇರೆಯವರದ್ದೆನಿಸಿತು. "ಅಜ್ಜಿಗೆ ಬಂತು, ದೊಡ್ಡಮ್ಮನಿಗೆ ಬಂತು. ಅಮ್ಮ ಎಪ್ಪತ್ತೆಂಟಕ್ಕೆ ನಿದ್ದೆಯಲ್ಲಿ ಹೃದಯ ನಿಂತು ಹೋದಳು. ಯಾಕೆ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ. ದೋಷ ಇರೋರಿಗೆಲ್ಲ ರೋಗ ಬರಲೇಬೇಕು ಅಂತಿಲ್ಲ, ಬರೀ ಅದೃಷ್ಟವೂ ಇರಬಹುದು. ಆದ್ರೆ ಅಕ್ಕ ಒಂದು ದಾರಿ ತೋರಿಸಿದ್ರು." ಅರ್ಜೆಂಟು ಗಡಿಯಾರ ನೋಡಿದರು. ನೋಡಿಯೂ ಅವಸರ ಮಾಡಲಿಲ್ಲ. "ಒಂದು ಸಲ ಜೆಲ್ ಹದ ತಪ್ಪಿ ತೀರಾ ಮೆತ್ತಗಾಯ್ತು. ನಾನು ಎಸೀರಿ ಅಂದೆ. ಅಕ್ಕ, ಎಸೆಯೋ ಮುಂಚೆ ನೋಡ್ದೆ ಇರೋಕೆ ನಿನಗೆ ಹೇಗೆ ಮನಸ್ಸು ಬರುತ್ತೆ ಅಂತ ಬೈದು, ಅದರ ಮೇಲೂ ಕೋಶ ಬಿತ್ತಿದ್ರು. ಒಂದು ಪ್ರತಿ ಮುರಿದಿರೋ ಕೋಶಗಳು. ಗಟ್ಟಿ ಜೆಲ್ ಮೇಲೆ ಅವು ಹುಚ್ಚುಹುಚ್ಚಾಗಿ ಹಬ್ಬಿದ್ವು. ಅದೇ ಕೋಶಗಳು ಮೆತ್ತನೇದ್ರ ಮೇಲೆ ದುಂಡಗೆ ಸುತ್ತಿಕೊಂಡು, ಬೆಳೆಯೋದು ನಿಲ್ಲಿಸಿ, ತಣ್ಣಗೆ ಕೂತಿದ್ವು."

"ಹಾಸಿಗೆ ಬದಲಾಯಿಸಿದ್ದಕ್ಕೆ?"

"ಅಷ್ಟಕ್ಕೇ. ಕಾವಲುಗಾರ ಒಳಗೆ ಒಬ್ಬನೇ ಕೂತು ಕೆಲಸ ಮಾಡಲ್ಲ ಅಂತ ಆಗ ಗೊತ್ತಾಯ್ತು. ಕೋಶ ಹಂದರವನ್ನ ಹಿಡಿದಿರುತ್ತಲ್ಲ, ಆ ಹಿಡಿತದ ಮೂಲಕ ಹೊರಗಿನ ಸುದ್ದಿ ಒಳಗೆ ಹೋಗುತ್ತೆ. ಹಂದರ ಬಿಗಿದು ಗಟ್ಟಿಯಾದ್ರೆ 'ಬೆಳಿ, ಓಡು' ಅನ್ನೋ ಸುದ್ದಿ. ಆ ಗದ್ದಲದಲ್ಲಿ ಕಾವಲುಗಾರನ ಮಾತು ಕೇಳಲ್ಲ. ಮೆತ್ತಗಿದ್ರೆ ಅರ್ಧ ಕಾವಲಿದ್ರೂ ಸಾಕಾಗುತ್ತೆ. ಇನ್ನೊಂದು ಕಡೆ, ಹಂದರದ ಎಳೆಗಳನ್ನ ನೇಯೋದೂ ಕೋಶಗಳೇ. ಕಾವಲು ಪೂರ್ತಿ ಹೋದ್ರೆ ನೇಯ್ಗೆಯೂ ಕೆಡುತ್ತೆ. ಒಂದನ್ನೊಂದು ಕಾಯ್ತವೆ, ಒಂದನ್ನೊಂದು ಕೆಡಿಸ್ತವೆ. ನಮ್ಮ ತಟ್ಟೆಯಲ್ಲಿ ಇದನ್ನ ನೂರು ಸಲ ನೋಡಿದ್ದೀವಿ. ಮನುಷ್ಯರಲ್ಲಿ, ಎಪ್ಪತ್ತೆಂಟು ವರ್ಷ ಏನೂ ಆಗದೆ ಬದುಕಿದೋರ ಹಂದರ ಹೇಗಿರುತ್ತೆ ಅಂತ ನೋಡೋ ಭಾಗ್ಯ ಸಿಕ್ಕಿಲ್ಲ. ಅದನ್ನೇ ಅಕ್ಕ ಕೊಟ್ಟುಹೋಗಿರೋದು."

ಪುಟ್ಟಿ ಕಟ್ಟೆಯ ಮೇಲೆ ಬಾಚಣಿಗೆ ಇಟ್ಟಳು. ಮೂರು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ ಮಾತು ತಾನಾಗಿಯೇ ಹೊರಬಂತು.

"ನನಗೂ ಇದೆ."

ಅರ್ಜೆಂಟು ಅವಳ ಕೈ ಹಿಡಿದುಕೊಂಡರು.

"ಬೇರೆ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸ್ತೀನಿ. ಅಂಗಡಿಗೆ ಗಾಜು ತರೋಕೆ ಹೋಗ್ತೀನಿ ಅಂತ ಅಮ್ಮನಿಗೆ ಹೇಳ್ತಿದ್ದೆ. ತಾಯಿ, ಅಕ್ಕ ಇಬ್ಬರನ್ನೂ ಕಳಕೊಂಡೋಳು, ಮಗಳಿಗೂ ಅಂತ ಗೊತ್ತಾದ್ರೆ ಎದೆ ಒಡ್ಕೊಳ್ತಾಳೆ ಅಂತ. ಇವತ್ತು ಬೆಳಗ್ಗೆ ಅಮ್ಮ ಹೋದಳು ಅಂತ ಗೊತ್ತಾದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಸದ್ಯ, ಗೊತ್ತಾಗದೆ ಹೋದಳು ಅಂತ. ಸಮಾಧಾನ ಆಯ್ತು. ಅಮ್ಮ ಸತ್ತ ದಿನ ಸಮಾಧಾನ! ನಾನೆಂಥ ಮಗಳು ಅಂತ ಆಗಿನಿಂದ..."

ಬಾಗಿಲು ಕಿರ್ರೆಂದಿತು. ನರ್ಸಮ್ಮ ಕಾಲು ಎಳೆಯುತ್ತ ಒಳಗೆ ಬಂದು ಬಾಗಿಲನ್ನು ಮತ್ತೆ ಮುಚ್ಚಿದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ.

"ಅವಳಿಗೆ ಗೊತ್ತಿತ್ತು ಕಣೇ," ಎಂದರು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? 'ಗಾಜು ತರೋಕೆ ಹೋದೋಳು ಬರಿಗೈಲಿ ಬರ್ತಾಳೆ, ನಾನೇನು ಕುರುಡೀನಾ' ಅಂತಿದ್ಲು. ನೀನು ಹೋದ ದಿನವೆಲ್ಲ ನಮ್ಮನೆ ಜಗಲಿಯಲ್ಲೇ ಕೂತಿರ್ತಿದ್ಲು. ಸಂಜೆ ನೀನು ಬಂದು ಚಪ್ಪಲಿ ಬಿಡೋ ಸದ್ದು ಕೇಳಿದ್ರೆ ಸಾಕು, 'ಈ ಸಲ ಪಾಸು' ಅಂತ ಎದ್ದು ಹೋಗ್ತಿದ್ಲು. ನೀನಾಗಿ ಹೇಳ್ಲಿ ಅಂತ ಕಾದಳು. ಹೇಳದೆ ಇದ್ದಾಗ, ಪಾಪ ನನಗೆ ನೋವಾಗದ ಹಾಗೆ ಕಾಯ್ತಾ ಇದ್ದಾಳೆ, ಕಾಯ್ಲಿ ಬಿಡು, ಅವಳಿಗೂ ಒಂದು ಕೆಲಸ ಅಂದ್ಲು."

ಪುಟ್ಟಿ ಮೊದಲು ನಕ್ಕಳು. ಆಮೇಲೆ ಕಟ್ಟೆ ಹಿಡಿದುಕೊಂಡು ಅತ್ತಳು. ಬೆಳಗಿನಿಂದ ಬಾರದ ಅಳು ಅದು. ಮುಗಿದಾಗ ಮೈ ಹಗುರಾಗಿತ್ತು, ಜ್ವರ ಇಳಿದವಳ ಹಾಗೆ. ನಲ್ಲಿಗೆ ಮುಖವೊಡ್ಡಿ, ಒರೆಸಿಕೊಂಡು, "ಎಲ್ಲಿ ಸಹಿ ಹಾಕ್ಬೇಕು?" ಎಂದಳು.

*

ಸಹಿ ಹಾಕಿದ ಮಾತ್ರಕ್ಕೆ ಮಾವ ಬಾಗಿಲು ಬಿಡುವವರಲ್ಲ. ಅಂಗಳದ ತುದಿಯಲ್ಲಿ ಪಂಪುಮನೆಯ ನೆರಳಿಗೆ ಪುಟ್ಟಿ ಅವರನ್ನು ಕರೆದುಕೊಂಡು ಹೋದಳು.

"ನೀನು ಏನೇ ಹೇಳು," ಎಂದರು ಮಾವ, ಅವರ ಮಟ್ಟಿಗೆ ಪಿಸುಮಾತಿನಲ್ಲಿ. ಬೀದಿಯಲ್ಲಿದ್ದವರು ತಿರುಗಿ ನೋಡಿದರು. "ದೊಡ್ಡಕ್ಕನಿಗೆ ಮೂರು ಸಲ ಆಪರೇಷನ್ ಮಾಡಿದ್ರು. ಹೋದ ಮೇಲೂ, ಕಲಿಯೋಕೆ ಬೇಕು ಅಂದ್ರು. ನಾನೇ ಸಹಿ ಹಾಕಿದ್ದು. ವಾಪಸ್ ಕೊಟ್ಟಾಗ ಬಟ್ಟೆ ಸರಿ ಮಾಡೋಕೆ ಹೋಗಿ ಹೊಲಿಗೆ ನೋಡಿಬಿಟ್ಟೆ. ಗೋಣಿಚೀಲ ಹೊಲಿದ ಹಾಗೆ ಹೊಲಿದಿದ್ರು. ಏನು ಕಲಿತ್ರು ಅಂತ ಇವತ್ತಿನವರೆಗೆ ಒಬ್ಬರೂ ಬಂದು ಹೇಳಿಲ್ಲ. ಸಣ್ಣಕ್ಕನ್ನಾದ್ರೂ ಹುಟ್ಟಿದ ಹಾಗೆ ಕಳಿಸ್ತೀನಿ."

ಪುಟ್ಟಿಗೆ ಅವರ ಮೇಲಿದ್ದ ಸಿಟ್ಟು ಇಳಿದುಹೋಯಿತು. ನಲವತ್ತು ವರ್ಷ ಇವರು ಆ ಹೊಲಿಗೆಯನ್ನು ಒಬ್ಬರೇ ನೋಡುತ್ತ ಬಂದಿದ್ದರು. ಅವಳು ಸುತ್ತುಬಳಸಲಿಲ್ಲ. ಅಮ್ಮನಿಗೆ ದೋಷವಿದ್ದದ್ದು, ತನಗೆ ಬಂದದ್ದು, ಅಮ್ಮ ಎಲ್ಲ ಗೊತ್ತಿದ್ದೂ ಎಪ್ಪತ್ತೆಂಟು ದಾಟಿದ್ದು ಎಲ್ಲವನ್ನೂ ಹೇಳಿದಳು. ಮಾವ ಬಾಯಿ ತೆರೆದು ಕೇಳುತ್ತಿದ್ದರು.

"ಇನ್ನೊಂದು ಮಾತು ಮಾವ. ಇದು ಹೆಂಗಸರಿಗೆ ಮಾತ್ರ ಬರೋದಲ್ಲ. ಅಜ್ಜಿಯಿಂದ ನಿಮಗೂ ಬಂದಿರಬಹುದು, ಬರದೆಯೂ ಇರಬಹುದು. ನಿಮಗೆ ಬಂದಿದ್ರೆ..."

ಮಾವ ಮನೆಯ ಕಡೆ ನೋಡಿದರು. ಅವರ ಇಬ್ಬರು ಹೆಣ್ಣುಮಕ್ಕಳು ಆಗಷ್ಟೇ ಬಂದಿಳಿದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಹಿರಿಯವಳಿಗೆ ಮೂವತ್ತೊಂಬತ್ತು, ಕಿರಿಯವಳಿಗೆ ಮೂವತ್ತಾರು. ಹಿರಿಯವಳು ನಡೆಯುವುದು ಥೇಟು ದೊಡ್ಡಮ್ಮನ ಹಾಗೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

"ನಾನು ಗಂಡಸು," ಎಂದರು ಮಾವ. "ನನ್ನ ಹತ್ರ ಬಂದು ಅದು ನಿಂತುಹೋಯ್ತು ಅಂತ ಅಂದ್ಕೊಂಡಿದ್ದೆ."

ಆ ದನಿ ಅಂಗಳ ದಾಟಲಿಲ್ಲ. ಅವರು ಹೋಗಿ ಅರ್ಜೆಂಟು ಮುಂದೆ ನಿಂತರು.

"ಹೊಲಿಗೆ ಯಾರು ಹಾಕ್ತಾರೆ?"

"ನಾನೇ ಪಕ್ಕದಲ್ಲಿರ್ತೀನಿ. ಸಣ್ಣ ಹೊಲಿಗೆ. ಬಟ್ಟೆ ಮೇಲೆ ಗೊತ್ತಾಗಲ್ಲ."

"ಏನು ಸಿಕ್ತು ಅಂತ ಬಂದು ಹೇಳ್ತೀರಾ?"

"ಇವತ್ತು ಕಣ್ಣಿಗೆ ಕಂಡಿದ್ದನ್ನ ಇವತ್ತೇ ಹೇಳ್ತೀನಿ. ಉಳಿದಿದ್ದಕ್ಕೆ ವರ್ಷಗಟ್ಟಲೆ ಆಗಬಹುದು. ಆದ್ರೂ ಬಂದು ಹೇಳ್ತೀನಿ."

ಮಾವ ಚಪ್ಪಲಿ ಮೆಟ್ಟಿದರು. "ನಾನೂ ಬರ್ತೀನಿ. ಅಕ್ಕನ್ನ ಒಬ್ಬಳನ್ನೇ ಕಳಿಸಲ್ಲ." ವ್ಯಾನು ಹತ್ತುವಾಗ ಡ್ರೈವರನಿಗೆ, "ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗಪ್ಪ, ಈ ಬೀದಿಯಲ್ಲಿ ಗುಂಡಿ ಜಾಸ್ತಿ" ಎಂದು ಹೇಳುವುದನ್ನು ಮರೆಯಲಿಲ್ಲ.

*

ವ್ಯಾನು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂತು. ಅಷ್ಟರಲ್ಲಿ ಮನೆ ತುಂಬಿತ್ತು. ಅಮ್ಮನ ಹಳೆಯ ಜೊತೆಗಾರರು, ಅವಳು ಕೆಲಸ ಕಲಿಸಿದವರು, ಕೇಂದ್ರದ ಕಾವಲುಗಾರ, ಬೀದಿಯವರು. ನಡುಮನೆಯಲ್ಲಿ ಜಾಗ ಸಾಲದೆ ಅಂಗಳದಲ್ಲಿ ಕುರ್ಚಿ ಹಾಕಿದ್ದರು.

"ನನಗೆ ಮೊದಲ ದಿನವೇ ಬೈದಿದ್ರು," ಎಂದು ಒಬ್ಬ ದಪ್ಪ ಮನುಷ್ಯ ಹೇಳುತ್ತಿದ್ದ. "ಜೆಲ್ಲಿನೊಳಗೆ ಗಾಳಿಗುಳ್ಳೆ ಬಿಟ್ಟಿದ್ದಕ್ಕೆ. ಕೋಶ ಏನು ಈಜೋಕೆ ಬಂದಿದೆಯಾ ಅಂದ್ರು."

"ನಿವೃತ್ತಿಯಾದ ಮೇಲೂ ವಾರಕ್ಕೆರಡು ದಿನ ಬಂದು ಬೈದು ಹೋಗ್ತಿದ್ರು," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನಕ್ಕದ್ದಕ್ಕೆ ತಪ್ಪಿತಸ್ಥರಂತೆ ಪುಟ್ಟಿಯ ಕಡೆ ನೋಡಿದರು. ಅವಳೂ ನಗುತ್ತಿದ್ದಳು.

ಅಮ್ಮನನ್ನು ಮತ್ತೆ ಒಳಗೆ ಮಲಗಿಸಿದಾಗ ಪುಟ್ಟಿ ಸೆರಗಿನ ಅಂಚು ಸರಿಪಡಿಸಿದಳು. ಮುಖ ಹೋಗುವಾಗ ಹೇಗಿತ್ತೋ ಹಾಗೆಯೇ ಇತ್ತು; ಯಾರೋ ಏನೋ ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ಹೇಳದೆ ಮಲಗಿದವಳಂತೆ.

ಅರ್ಜೆಂಟು ಮನೆಯವರನ್ನಷ್ಟೇ ಒಳಕೋಣೆಗೆ ಕರೆದರು. ಪುಟ್ಟಿ, ಮಾವ, ಮಾವನ ಇಬ್ಬರು ಮಕ್ಕಳು, ನರ್ಸಮ್ಮ.

"ನಮ್ಮ ಜೊತೆ ಇದ್ದ ವೈದ್ಯರು ಎರಡೂ ಕಡೆ ಪೂರ್ತಿ ನೋಡಿದ್ರು. ಕಣ್ಣಿಗೆ, ಕೈಗೆ, ಎಲ್ಲೂ ಏನೂ ಇಲ್ಲ. ಒಂದು ಗಂಟು ಕೂಡ ಇಲ್ಲ. ಮುಂದೆ ಸೂಕ್ಷ್ಮದರ್ಶಕದಲ್ಲಿ ನೋಡ್ತೀವಿ. ಆದ್ರೆ ಇವತ್ತಿಗೆ ನಾನು ಹೇಳಬಹುದಾದ್ದು ಇದು: ಅಕ್ಕ ಆ ರೋಗಕ್ಕೆ ಸಿಗಲಿಲ್ಲ."

ಮಾವನ ಹಿರಿ ಮಗಳು ಪುಟ್ಟಿಯ ಭುಜ ಹಿಡಿದುಕೊಂಡಳು. ವ್ಯಾನು ಹೊರಟ ಮೇಲೆ ಪುಟ್ಟಿ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದ್ದಳು. ಕಿರಿಯವಳು ಮೊದಲು ಬೆದರಿ, ಆಮೇಲೆ, "ಅತ್ತೆಗೆ ಇದ್ದೂ ಎಪ್ಪತ್ತೆಂಟಾ?" ಎಂದು ಎರಡು ಸಲ ಕೇಳಿದ್ದಳು. ಆ ಮನೆಯ ಹೆಂಗಸರಿಗೆ ಅದು ಹೊಸ ಸಂಖ್ಯೆ.

"ಮೆತ್ತಗಿತ್ತಂತೆ," ಎಂದರು ಮಾವ ಇದ್ದಕ್ಕಿದ್ದಂತೆ. "ನಾನು ಹೊರಗೆ ಬೆಂಚಿನ ಮೇಲಿದ್ದೆ. ಆ ಡಾಕ್ಟರು ಇವರಿಗೆ ಹೇಳ್ತಿದ್ದಿದ್ದು ಕೇಳಿಸ್ತು, ಈ ವಯಸ್ಸಿಗೆ ಇಷ್ಟು ಮೆತ್ತಗಿರೋದು ನೋಡಿಲ್ಲ ಅಂತ. ಬಾಯಿ ಮಾತ್ರ ಗಟ್ಟಿ ಇತ್ತು, ಉಳಿದಿದ್ದೆಲ್ಲ ಮೆತ್ತಗೆ ಅಂತ ನಾನು ಮನಸ್ಸಲ್ಲೇ ಅಂದ್ಕೊಂಡೆ."

"ಅದರಿಂದಲೇ ಉಳಿದ್ರು ಅಂತ ಈಗಲೇ ಹೇಳೋಕಾಗಲ್ಲ," ಎಂದು ಅರ್ಜೆಂಟು ಎಚ್ಚರಿಸಿದರು.

"ನೀವು ಹೇಳ್ಬೇಡಿ, ನಾನು ಹೇಳ್ತೀನಿ." ಮಾವ ಬಲತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈ ಮೇಲಕ್ಕೆ ಮಡಿಸಿ, ಕೈ ಮುಂದೆ ಚಾಚಿದರು. "ತಗೊಳ್ಳಿ. ರಕ್ತ ತಗೊಳ್ಳಿ. ನನ್ನದರಲ್ಲಿ ಇದೆಯೋ ಇಲ್ವೋ ನೋಡಿ. ಇಲ್ಲ ಅಂದ್ರೆ ನನ್ನ ಮಕ್ಕಳು ಬಚಾವು. ಇದೆ ಅಂದ್ರೆ ಅವನ್ನೂ ಅಕ್ಕ ಮಾಡಿದ ಹಾಗೆ ಪ್ರತಿ ವರ್ಷ ತಪಾಸಣೆಗೆ ಎಳ್ಕೊಂಡು ಹೋಗ್ತೀನಿ, ಬೈಸ್ಕೊಂಡಾದ್ರೂ."

"ಇಲ್ಲಿ ಅಲ್ಲ ಸರ್. ಸೋಮವಾರ ಬನ್ನಿ. ಮೊದಲು ಕೂತು ಮಾತು, ಆಮೇಲೆ ರಕ್ತ."

"ಸೋಮವಾರ ಎಷ್ಟು ಹೊತ್ತಿಗೆ?"

"ಹತ್ತಕ್ಕೆ."

"ಎಂಟಕ್ಕೇ ಬಂದು ನಿಲ್ತೀನಿ."

"ಈಗ ಯಾರಪ್ಪ ಅರ್ಜೆಂಟು!" ಎಂದರು ನರ್ಸಮ್ಮ. ಒಳಕೋಣೆಯ ನಗು ಅಂಗಳದವರೆಗೆ ಕೇಳಿಸಿತು. ಸಾವಿನ ಮನೆಯಲ್ಲಿ ಏನಾಯಿತೋ ಎಂದು ಕುರ್ಚಿಯಲ್ಲಿದ್ದವರು ಎದ್ದು ನಿಂತರು.

ಮೂರು ಗಂಟೆಗೆ ಹೊರಟರು. ಊರ ಹೊರಗಿನ ದಿಬ್ಬದ ಮೇಲೆ ಬಿಸಿಲು ಹಿತವಾಗಿತ್ತು. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಪುಟ್ಟಿ ಹಾಕಿ, ಒಂದು ಕ್ಷಣ ನಿಂತು, ಅಮ್ಮನಿಗೆ ಹೇಳದೆ ಉಳಿಸಿಕೊಂಡದ್ದು ಇನ್ನೇನೂ ಇಲ್ಲ ಎಂದುಕೊಂಡಳು. ಕಾಲು ತಾನಾಗಿ ಹಗುರಾಗಿ ಎದ್ದಿತು.

ಜನ ಗೇಟಿನ ಕಡೆ ನಡೆಯತೊಡಗಿದರು. ಮಾವ ಮಾತ್ರ ಗುದ್ದಲಿಯವರಿಗೆ ಮಣ್ಣು ಸಮ ಮಾಡುವುದನ್ನು ಹೇಳಿಕೊಡುತ್ತ ಹಿಂದೆಯೇ ಉಳಿದಿದ್ದರು. ಎಡತೋಳಿನ ಗುಂಡಿ ಮಣಿಕಟ್ಟಿಗೆ ಸರಿಯಾಗಿ ಹಾಕಿಯೇ ಇತ್ತು. ಬಲತೋಳು ಮೊಣಕೈ ಮೇಲೆ ಮಡಿಸಿದ್ದು ಹಾಗೆಯೇ. ಎಷ್ಟೋ ವರ್ಷ ಬಸ್ಸಿನ ಕಿಟಕಿಯಾಚೆ ಚಾಚಿ ಕಪ್ಪಾದ ಮುಂಗೈ, ಅದರ ಮೇಲೆ ಬಿಸಿಲು ಕಾಣದ ಬೆಳ್ಳನೆಯ ತೋಳು. ಹಿರಿ ಮಗಳು ಹಿಂದಿರುಗಿ ಹೋಗಿ ಅವರ ಮುಂದೆ ನಿಂತಳು. ಮಾವ ಮಾತು ನಿಲ್ಲಿಸಿ, ಶಾಲೆಗೆ ಹೊರಟ ಮಗುವಿನ ಹಾಗೆ ಕೈ ಮುಂದೆ ಹಿಡಿದರು. ಅವಳು ಮೊದಲು ಮೊಣಕೈಗೆ ಅಂಟಿದ್ದ ಮಣ್ಣನ್ನು ಊದಿ ಕೊಡವಿದಳು. ಆಮೇಲೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ, ಮಣಿಕಟ್ಟಿನವರೆಗೆ ಎಳೆದು, ಗುಂಡಿ ಹಾಕಿದಳು.